4294967297: ಅವಿಭಾಜ್ಯ ಹೌದೋ ಅಲ್ಲೋ?

ಶರಣು, ಆಳಂದ:
ಕಲಬುರಗಿ ಕಡೆ ಸ್ಪರ್ಧಾ ಪರೀಕ್ಷೆ ಹುಡುಗರ ಕೈಯಾಗಿರೋ ಒಂದು ಹಾಳಿಯೊಳಗ 4294967297, ಅಂದ್ರ 2³²+1, ಅವಿಭಾಜ್ಯ ಅಂತ ಬರ್ದದ. 2ರ ಘಾತವಾಗಿ 4294967296 ಇಟ್ಟು ಈ ಸಂಖ್ಯೆಯಿಂದ ಭಾಗಿಸಿದ್ರ ಶೇಷ 1 ಅಂತ ಕಾರಣ ಕೊಟ್ಟಾರ. ಶೇಷ 1 ಬರೂದಂತೂ ಖರೆ. ಬೆಸ ಅವಿಭಾಜ್ಯ ಇದ್ರ ಹಿಂಗ ಶೇಷ 1 ಬರಲೇಬೇಕು ಅನ್ನೋ ಫರ್ಮಾ ಪರೀಕ್ಷೆ ಪಾಸಾದಂಗಲ್ಲೇನ್ರಿ?

ರೇಣುಕಾ, ಬೀದರ್:
ಅಲ್ರಿ ಸರ್. ಗಣಿತಜ್ಞ ಫರ್ಮಾ 2ರ 1, 2, 4, 8, 16ನೇ ಘಾತಕ್ಕ 1 ಕೂಡಿಸಿದ್ರ ಬರೋ 3, 5, 17, 257, 65537 ನೋಡಿ ಮುಂದಿಂದೂ ಅವಿಭಾಜ್ಯ ಅಂತ ಊಹಿಸಿದ್ರು, ಸಾಧಿಸಿರಲಿಲ್ಲ. 1732ರಾಗ ಗಣಿತಜ್ಞ ಆಯ್ಲರ್ ಇದನ್ನ 641 × 6700417 ಅಂತ ಒಡೆದು ತೋರಿಸಿದ್ರು.
ಶೇಷ 1 ಯಾಕ ಬರ್ತದ ನೋಡ್ರಿ. 2³²ರ ಶೇಷ −1 (ಅಂದ್ರ ಪೂರ್ತಿ ಭಾಗ ಆಗ್ಲಿಕ್ಕೆ 1 ಕಡಿಮಿ), ವರ್ಗ ಮಾಡಿದ್ರ 2⁶⁴ರ ಶೇಷ 1. ನಿಮ್ಮ ಘಾತ 64ರ ಅಪವರ್ತ್ಯ. ಅಂದಮ್ಯಾಲ 1 ಬಿಟ್ಟು ಬ್ಯಾರೆ ಬರ್ಲಿಕ್ಕೆ ದಾರಿನೇ ಇಲ್ಲ. ಇಲ್ಲಿ ಆಧಾರ 2 ಏನನ್ನೂ ಪರೀಕ್ಷಿಸೂದಿಲ್ಲ. 3 ತಗೋರಿ, 31 ಸಲ ವರ್ಗ ಮಾಡ್ರಿ, ಪ್ರತಿ ಸಲ ಶೇಷ ಅಷ್ಟೇ ಉಳಿಸ್ಕೋರಿ. ಕೊನಿಗೆ 4294967296 ಬಂದ್ರ ಮಾತ್ರ ಅವಿಭಾಜ್ಯ. ಇದು ಪೆಪಿನ್ ಪರೀಕ್ಷೆ. ಈ ಸಂಖ್ಯೆ ಅದರಾಗ ಫೇಲ್.

ಮಹೆಬೂಬ್, ಕಲಬುರಗಿ:
ಪ್ರೋಗ್ರಾಮ್ ಬರೆಯೋರು ಎಚ್ಚರ ಇರ್ರಿ. 32 ಬಿಟ್‌ನಾಗ ಈ ಸಂಖ್ಯೆ ಹಿಡಿಸೂದಿಲ್ಲ, ಸುತ್ತಿ ಬಂದು 1 ಆಗ್ತದ. 64 ಬಿಟ್ ಇದ್ರೂ ಸಾಲದು: ಶೇಷ 2³² ಇದ್ದಾಗ ವರ್ಗ 2⁶⁴, ಅದು 0 ಆಗಿ ಕುಂದರ್ತದ. ದೋಷದ ಸಂದೇಶನೂ ಬರೂದಿಲ್ಲ. ಪೈಥಾನ್‌ನಾಗ ಈ ತೊಂದರಿ ಇಲ್ಲ.

ಭೀಮರಾಯ, ಸುರಪುರ:
ಇಷ್ಟೆಲ್ಲ ಯಾಕ್ರಿ? 641 = 5×2⁷+1, ಮತ್ತ 641 = 5⁴+2⁴. 641ರಿಂದ ಭಾಗಿಸಿದ್ರ 5×2⁷ರ ಶೇಷ −1, ಅದರ ನಾಲ್ಕನೇ ಘಾತ 5⁴×2²⁸ರ ಶೇಷ 1. 5⁴ರ ಜಾಗದಾಗ −2⁴ ಇಡ್ರಿ: −2³²ರ ಶೇಷ 1. ಅಂದ್ರ 2³²+1 ಪೂರ್ತಿ ಭಾಗ ಆಗ್ತದ. ಹುಡುಗರಿಗೆ ಇದೇ ಹೇಳ್ರಿ.

ರೇಣುಕಾ, ಬೀದರ್:
ಭಾಳ ಚಂದದ ಸಾಧನೆ, ಆದ್ರ 641 ಎಲ್ಲಿಂದ ಬಂತು ಅಂತ ಹುಡುಗ ಕೇಳಿದ್ರ? ಹುಡುಕೋ ದಾರಿ ಕಲಿಸೂದೇ ಮುಖ್ಯ ಅಂತೀನಿ. ಅವಿಭಾಜ್ಯ ಅಪವರ್ತನ 'ಪ' ಇದ್ರ, 2ರ ಘಾತಗಳ ಶೇಷ ಮೊದಲ ಸಲ 1 ಆಗೂದು 64ನೇ ಘಾತಕ್ಕ. ಹಂಗಾಗಿ ಪ−1 ಅನ್ನೂದು 64ರಿಂದ ಭಾಗ ಆಗ್ಲೇಬೇಕು. 64ರ ಅಪವರ್ತ್ಯಕ್ಕ 1 ಕೂಡಿಸಿದ ಪಟ್ಟಿಯೊಳಗಿನ ಅವಿಭಾಜ್ಯಗಳು 193, 257, 449, 577, 641. ಐದನೇ ಭಾಗಾಕಾರಕ್ಕ ಸಿಕ್ತು!

ಭೀಮರಾಯ, ಸುರಪುರ:
ಅದು ಒಪ್ಪಿದೆ. ಗಣಿತಜ್ಞ ಲ್ಯೂಕಾ, ಪ−1 128ರಿಂದನೂ ಭಾಗ ಆಗ್ತದ ಅಂತ ತೋರಿಸಿ 64ನ್ನ 128 ಮಾಡಿದ್ರಲ್ಲ, ಅದು ಹತ್ತನೇ ಇಯತ್ತೆಗೆ ಬ್ಯಾಡ್ರಿ. ವರ್ಗಶೇಷ (ವರ್ಗಸಂಖ್ಯೆ ಭಾಗಿಸಿದಾಗ ಬರೋ ಶೇಷ) ತಿಳೀದೆ ಬರೀ ಬಾಯಿಪಾಠ ಆಗ್ತದ.

ಶರಣು, ಆಳಂದ:
6700417 ಮತ್ತೂ ಒಡೀತದೇನ್ರಿ ಮೇಡಂ?

ರೇಣುಕಾ, ಬೀದರ್:
ಇಲ್ರಿ. 128 ಬೇಕಾಗೂದು ಇಲ್ಲೇ. ಇದರ ಅಪವರ್ತನ 2³²+1ರದ್ದೂ ಹೌದು; ಇದು ಒಡೀತದಂದ್ರ ವರ್ಗಮೂಲದೊಳಗ ಒಂದು ಅವಿಭಾಜ್ಯ ಅಪವರ್ತನ ಸಿಗಬೇಕು. ಇದರ ವರ್ಗಮೂಲ 2589ಕ್ಕಿಂತ ಕಡಿಮಿ. ಅಲ್ಲೀತನಕ 128ರ ಅಪವರ್ತ್ಯಕ್ಕ 1 ಕೂಡಿಸಿದ್ರ ಬರೋ ಅವಿಭಾಜ್ಯಗಳು 257, 641, 769, 1153, 1409 ಅಷ್ಟೇ. 2⁸ರ ಶೇಷ −1 ಆಗೂದರಿಂದ 2³²+1ನ್ನ 257ರಿಂದ ಭಾಗಿಸಿದ್ರ ಶೇಷ 2, ಅದನ್ನ ಬಿಡ್ರಿ. ಉಳಿದ ನಾಲ್ಕರಿಂದ 6700417ನ್ನ ಭಾಗಿಸಿದ್ರ ಶೇಷ ಕ್ರಮವಾಗಿ 44, 120, 334, 622. ಒಂದೂ ಸೊನ್ನೆ ಇಲ್ಲ, ಅದು ಅವಿಭಾಜ್ಯ.