ಬಾಂಡ್ ಪೇಪರ್‌ಗೆ ಸಹಿ ಹಾಕಿ 12 ಲಕ್ಷ ತಗೋ ಅಂತಿದ್ದಾರೆ, ಹಾಕಬಹುದಾ?

ಮಾದಾಪುರದವಳು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೊಳ್ಳದೆ ಓದಿ.

ಮದುವೆಯಾಗಿ 12 ವರ್ಷ. ಗಂಡನ ಮನೆ ನಾಪೋಕ್ಲು ಕಡೆ. ಹೋದ ವರ್ಷ ಕೈಲ್‌ಪೊಳ್ದ್ ಹಬ್ಬ ಮುಗಿಸಿ ಮಗಳ ಜೊತೆ ತವರಿಗೆ ಬಂದವಳು ತಿರುಗಿ ಹೋಗಿಲ್ಲ. ಯಾಕೆ ಅನ್ನೋದು ಇಲ್ಲಿ ಬೇಡ. ಹೊಡೆತ ಬಡಿತ ಇರಲಿಲ್ಲ. ಇಬ್ಬರಿಗೂ ಸಾಕಾಗಿದೆ, ಅಷ್ಟೇ. ಮಗಳಿಗೆ 9 ವರ್ಷ.

ಅವರದ್ದು 7 ಎಕರೆ ತೋಟ. ರೋಬಸ್ಟಾ ಕಾಫಿ, ನೆರಳಿನ ಮರಗಳಿಗೆ ಹಬ್ಬಿಸಿದ ಮೆಣಸು. ಜಮ್ಮಾ ಜಾಗ, ಅಂದ್ರೆ ಇಡೀ ಒಕ್ಕಕ್ಕೆ (ಕುಲದ ಕುಟುಂಬಕ್ಕೆ) ಸೇರಿದ ಪಿತ್ರಾರ್ಜಿತ ಜಮೀನು. ಪಹಣಿಯಲ್ಲಿ ಮಾವನ ಹೆಸರು, ಜೊತೆಗೆ ಒಕ್ಕದ ಇನ್ನೂ ಹದಿನಾಲ್ಕು ಜನರ ಹೆಸರು. 2017ರಲ್ಲಿ 15 ಲಕ್ಷ ಸಾಲ ಮಾಡಿ ಮೂರು ರೂಮಿನ ಹೋಂಸ್ಟೇ ಕಟ್ಟಿದೆವು. ಮುಂದಿನ ವರ್ಷ ಆಗಸ್ಟ್‌ನಲ್ಲೇ ಗುಡ್ಡ ಕುಸಿದು ಕೊಡಗಿಗೆ ಯಾರೂ ಬರದ ಹಾಗಾಯ್ತು. ಆಮೇಲೆ ಕೊರೊನಾ. ಆ ಸಾಲ ಎಳೆದೂ ಎಳೆದೂ ಈಗ 9 ಲಕ್ಷ ಬಾಕಿ ಇದೆ. ಸಾಲದ ಪತ್ರದಲ್ಲಿ ನನ್ನ ಸಹಿಯೂ ಇದೆ.

ಹೋಂಸ್ಟೇ ನಡೆಸಿದ್ದು ನಾನು. ಬೆಳಿಗ್ಗೆ ಐದಕ್ಕೆ ಎದ್ದು ಅಕ್ಕಿ ರೊಟ್ಟಿ, ಕಡಂಬುಟ್ಟು. ರಾತ್ರಿ ಪಂದಿ ಕರಿ. ಬಂದವರ ಬೆಡ್‌ಶೀಟ್ ಒಗೆದಿದ್ದೂ ನಾನೇ. ಮಳೆಗಾಲದಲ್ಲಿ ಅವು ಒಣಗದೆ ಒಲೆ ಮೇಲೆ ಹಗ್ಗ ಕಟ್ಟಿ ಒಣಗಿಸಿದ್ದೂ ನಾನೇ. ಆದರೆ ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡ್ ಅವರ ಅಕೌಂಟಿನದ್ದು. ನನ್ನ ಹೆಸರಿನಲ್ಲಿ ಒಂದು ರೂಪಾಯಿ ಇಲ್ಲ. ಈಗ ಮಾದಾಪುರದಲ್ಲಿ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ, ತಿಂಗಳಿಗೆ 9,000.

ಹೋದ ಭಾನುವಾರ ಅವರ ಕಡೆಯ ಹಿರಿಯರು ಇಬ್ಬರು ಬಂದಿದ್ದರು. ಒಳ್ಳೆಯ ಜನ, ಮಾತೂ ಮೆತ್ತಗೆ. "ಕೋರ್ಟು ಕಚೇರಿ ಯಾಕೆ ಮಗಳೇ, ಬಾಂಡ್ ಪೇಪರ್‌ನಲ್ಲಿ ಬರೆದು ನೋಟರಿ ಮಾಡಿಸೋಣ. ಒಂದೇ ಸಲಕ್ಕೆ 12 ಲಕ್ಷ ಕೊಡ್ತಾರೆ. ನಿಂಗೆ, ಮಗೂಗೆ ಎರಡಕ್ಕೂ ಸೇರಿ. ಆಮೇಲೆ ಯಾವ ಹಕ್ಕೂ ಕೇಳಬಾರದು" ಅಂದರು. ಅಪ್ಪ ಹೂಂ ಅನ್ನುವ ಹಾಗಿದ್ದಾರೆ. ನನಗೇ ಏನೋ ಸರಿ ಅನ್ನಿಸ್ತಿಲ್ಲ.

12 ಲಕ್ಷ ಜಾಸ್ತಿಯೋ ಕಮ್ಮಿಯೋ ನನಗೆ ಗೊತ್ತಾಗ್ತಿಲ್ಲ. ತೋಟದಲ್ಲಿ ಅರ್ಧ ಬರುತ್ತೆ ಅಂತ ನನ್ನ ಗೆಳತಿ ಹೇಳ್ತಾಳೆ, ಹೌದಾ? ಮದುವೇಲಿ ನನಗೆ ಹಾಕಿದ ಜೋಮಾಲೆ, ಕೊಕ್ಕೆತಾತಿ, ಅಮ್ಮ ಕಟ್ಟಿದ ಪತ್ತಾಕ್, ಈ ಒಡವೆ ಎಲ್ಲ ಅತ್ತೆಯ ಬೀರುವಿನಲ್ಲಿದೆ. ಅದನ್ನು ಕೇಳಬಹುದಾ?

ಕಾವೇರಿ ತೀರ:

ಮಗು ಮುಖ ನೋಡಿ ಸುಧಾರಿಸಿಕೊಂಡು ಹೋಗಮ್ಮ. ಮನೆ ಅಂದಮೇಲೆ ಮಾತು ಬರುತ್ತೆ ಹೋಗುತ್ತೆ.

ಮಾದಾಪುರದವಳು:

ಅಣ್ಣ, 12 ವರ್ಷ ಅದನ್ನೇ ಮಾಡಿದ್ದು. ಈಗ ಕೇಳ್ತಿರೋದು ಕಾಗದದ ವಿಷಯ.

ವಿರಾಜಪೇಟೆ ವಕೀಲ:

ಮೇಡಂ, ಮೊದಲು ಒಂದು ಮಾತು. ಆ ಬಾಂಡ್ ಪೇಪರ್‌ಗೆ ಸಹಿ ಹಾಕಬೇಡಿ. ನೋಟರಿ ಮುದ್ರೆ ಬಿದ್ದರೆ ಮದುವೆ ಮುರಿಯುವುದಿಲ್ಲ. ಹಿಂದೂ ವಿವಾಹ ಕಾಯ್ದೆ ಪ್ರಕಾರ ಕೋರ್ಟಿನ ಡಿಕ್ರಿ ಬೇಕು. ಪದ್ಧತಿ ಪ್ರಕಾರದ ಬಿಡುಗಡೆಗೆ 29ನೇ ಸೆಕ್ಷನ್‌ನಲ್ಲಿ ಸಣ್ಣ ಕಿಂಡಿ ಇದೆ ನಿಜ, ಆದರೆ ಅಂಥ ಪದ್ಧತಿ ಇದೆ ಅಂತ ಹೇಳುವವರೇ ಅದನ್ನು ಸಾಬೀತು ಮಾಡಬೇಕು. ಇಂಥ ಕಾಗದ ನಂಬಿ ಇನ್ನೊಂದು ಮದುವೆಯಾಗಿ, ಆಮೇಲೆ ಅದು ಅಸಿಂಧು ಅಂತಾಗಿ ಅತ್ತುಕೊಂಡು ಬಂದವರನ್ನು ನಾನು ನೋಡಿದ್ದೇನೆ.

ಇಬ್ಬರಿಗೂ ಒಪ್ಪಿಗೆ ಇದ್ದರೆ ಅದೇ ಕಾಯ್ದೆಯ 13ಬಿ ಸೆಕ್ಷನ್ ಅಡಿಯಲ್ಲಿ ಅರ್ಜಿ ಹಾಕಿ. ಅದಕ್ಕೆ ಕನಿಷ್ಠ ಒಂದು ವರ್ಷ ಬೇರೆ ಇದ್ದಿರಬೇಕು. ನಿಮ್ಮದು ಕೈಲ್‌ಪೊಳ್ದ್‌ನಿಂದ ಅಂದ್ರೆ ಸೆಪ್ಟೆಂಬರ್ ಮೊದಲ ವಾರದಿಂದ ಲೆಕ್ಕ. ಅರ್ಜಿ ಹಾಕಿದ ಮೇಲೆ ಇನ್ನೂ ಆರು ತಿಂಗಳು ಕಾಯಬೇಕು, ಆಮೇಲೆ ಎರಡನೇ ಮೋಷನ್, ಅಂದ್ರೆ ಇಬ್ಬರೂ ಮತ್ತೆ ಕೋರ್ಟಿಗೆ ಬಂದು ಒಪ್ಪಿಗೆ ಹೇಳುವುದು. ಹಣ, ಮಗು ಎಲ್ಲ ಇತ್ಯರ್ಥವಾಗಿ, ರಾಜಿಗೆ ದಾರಿಯೇ ಇಲ್ಲ ಅಂತ ಕಂಡರೆ ಆ ಆರು ತಿಂಗಳನ್ನು ಕೋರ್ಟು ಬಿಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಒಟ್ಟು ಒಂದೂವರೆ ವರ್ಷ ಬೇರೆ ಇದ್ದಿರಬೇಕು. ಇನ್ನೊಂದು ನೆನಪಿಡಿ: ಡಿಕ್ರಿ ಆಗುವವರೆಗೂ ಯಾರು ಬೇಕಾದರೂ ಒಪ್ಪಿಗೆ ವಾಪಸ್ ತಗೋಬಹುದು. ಅದಕ್ಕೇ ಹಣವನ್ನು ಎರಡು ಭಾಗ ಮಾಡಿ, ಒಂದನ್ನು ಅರ್ಜಿ ಹಾಕುವಾಗ, ಇನ್ನೊಂದನ್ನು ಎರಡನೇ ಮೋಷನ್ ದಿನ ಜಡ್ಜ್ ಮುಂದೆಯೇ ಡಿಡಿಯಾಗಿ ಕೊಡುವಂತೆ ಬರೆಸುತ್ತೇವೆ.

ನಿಮ್ಮ ಗೆಳತಿ ಹೇಳಿದ ಅರ್ಧ ಪಾಲಿನ ಮಾತು ತಪ್ಪು. ಮದುವೆಯಾದ ಮಾತ್ರಕ್ಕೆ ಗಂಡನ ಆಸ್ತಿ ಅರ್ಧಕ್ಕರ್ಧ ಆಗುವ ಕಾನೂನು ನಮ್ಮಲ್ಲಿಲ್ಲ. ಅದರ ಮೇಲೆ ನಿಮ್ಮದು ಜಮ್ಮಾ, ಇಡೀ ಒಕ್ಕದ ಹೆಸರಲ್ಲಿರುವುದು. ಅದನ್ನು ಕತ್ತರಿಸಿ ಕೊಡಿ ಅಂತ ಕೇಳಿದರೆ ಹತ್ತು ವರ್ಷ ಕಳೆದರೂ ಆಗುವ ಕೆಲಸ ಅಲ್ಲ. ನೀವು ಕೇಳಬೇಕಾದದ್ದು ಅವರ ಆದಾಯ ಮತ್ತು ನಿಮ್ಮ ಬದುಕಿನ ಮಟ್ಟ ನೋಡಿ ಜೀವನಾಂಶ. ಆದರೆ ಮಗಳ ವಿಷಯ ಬೇರೆ. ಅಪ್ಪನ ಪಿತ್ರಾರ್ಜಿತದಲ್ಲಿ ಅವಳಿಗೆ ಹುಟ್ಟಿನಿಂದ ಹಕ್ಕು, ನೀವು ಬಿಟ್ಟು ಬಂದರೂ ಅದು ಹೋಗಲ್ಲ. ಅವಳ ಜೀವನಾಂಶದ ಹಕ್ಕನ್ನು ನೀವು ಬರೆದುಕೊಡಲೂ ಆಗಲ್ಲ. ಆ ಹಿರಿಯರು "ಎರಡಕ್ಕೂ ಸೇರಿ" ಅಂದರಲ್ಲ, ಅದೇ ಇದರಲ್ಲಿರುವ ಕೊಕ್ಕೆ.

ಆದಾಯದ ವಿಷಯಕ್ಕೆ ಬರೋಣ. ತೋಟದವರ ಕೇಸಿನಲ್ಲಿ ಎದುರು ಪಾರ್ಟಿ ಐಟಿ ರಿಟರ್ನ್ ತೆಗೆದು "ನೋಡಿ ಸ್ವಾಮಿ, ಏನೂ ಇಲ್ಲ" ಅನ್ನುತ್ತಾರೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ. ಬೆಳೆದ ಕಾಫಿಯನ್ನು ತಾವೇ ಕ್ಯೂರಿಂಗ್ (ಸಿಪ್ಪೆ ತೆಗೆದು ಹದ) ಮಾಡಿಸಿ ಮಾರಿದರೂ ಅದರ 25 ಪರ್ಸೆಂಟ್ ಮಾತ್ರ ತೆರಿಗೆಗೆ ಬರುವುದು. ಹಾಗಾಗಿ ರಿಟರ್ನ್ ನೋಡಿ ಲೆಕ್ಕ ಹಾಕಿದರೆ ಮೋಸ ಹೋಗುತ್ತೀರಿ. ಚೀಲ ತೂಗಿದ ಚೀಟಿ, ಮೆಣಸು ಮಾರಿದ ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್, ಇವು ಮಾತಾಡುತ್ತವೆ. 2020ರಲ್ಲಿ ರಜನೇಶ್ ವರ್ಸಸ್ ನೇಹಾ ಕೇಸಿನ ತೀರ್ಪು ಬಂದ ಮೇಲೆ ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆಸ್ತಿ, ಸಾಲ, ಆದಾಯ ಎಲ್ಲ ಬರೆದು ಅಫಿಡವಿಟ್ ಕೊಡಲೇಬೇಕು. ನೀವೂ ನಿಮ್ಮ 9,000 ಬರೆಯಬೇಕು, ಮುಚ್ಚಿಡಬೇಡಿ. ಸಂಬಳ ಇದೆ ಅಂದ ಮಾತ್ರಕ್ಕೆ ಜೀವನಾಂಶ ತಪ್ಪಲ್ಲ. ಗಂಡನ ಆದಾಯದ 25 ಪರ್ಸೆಂಟ್ ಬರುತ್ತೆ ಅಂತ ಊರೆಲ್ಲ ಹೇಳುತ್ತಾರೆ. ಅದು ಒಂದು ಕೇಸಿನಲ್ಲಿ ಹೇಳಿದ ಮಾತು, ಕಟ್ಟಿಟ್ಟ ನಿಯಮ ಅಲ್ಲ.

ಒಡವೆ ನಿಮ್ಮದೇ. ಸ್ತ್ರೀಧನ ಹೆಂಡತಿಯ ಪೂರ್ತಿ ಸ್ವಂತ ಆಸ್ತಿ, ಗಂಡನ ಮನೆಯವರು ಇಟ್ಟುಕೊಂಡಿದ್ದರೆ ಬರೀ ಕಾವಲಿಗೆ ಅಂತ 1985ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಮದುವೆ ಫೋಟೋದಲ್ಲಿ ಮೈಮೇಲೆ ಕಾಣುವುದನ್ನೆಲ್ಲ ಪಟ್ಟಿ ಮಾಡಿ. ಅಂಗಡಿ ಬಿಲ್ ಸಿಕ್ಕರೆ ಇನ್ನೂ ಒಳ್ಳೆಯದು.

ಅಂದಹಾಗೆ, ಹೋಂಸ್ಟೇ ಲೆಕ್ಕ ಎಲ್ಲಾದರೂ ಬರೆದಿಟ್ಟಿದ್ದೀರಾ?

ಮಾದಾಪುರದವಳು:

ಸರ್, ಬರೆದಿದ್ದೇನೆ! ನೀಲಿ ರಟ್ಟಿನ ಐದು ನೋಟ್‌ಬುಕ್ಕು. ಯಾವ ದಿನ ಯಾರು ಬಂದರು, ಎಷ್ಟು ಜನ, ಊಟಕ್ಕೆಷ್ಟು, ರೂಮಿಗೆಷ್ಟು, ಕೊನೆಗೆ ಕೊಟ್ಟದ್ದು ಎಷ್ಟು. ತವರಿಗೆ ಬರುವಾಗ ಮಗಳ ಸ್ಕೂಲ್ ಬ್ಯಾಗಿನಲ್ಲಿ ಹಾಕಿಕೊಂಡು ಬಂದೆ. ಯಾಕೆ ತಂದೆ ಅಂತ ನನಗೇ ಗೊತ್ತಿರಲಿಲ್ಲ. ಬಟ್ಟೆ ಬಿಟ್ಟು ಬಂದೆ, ಅದನ್ನು ತಂದೆ.

ವಿರಾಜಪೇಟೆ ವಕೀಲ:

ಅದನ್ನು ಜೋಪಾನ ಮಾಡಿ. ಒಂದೊಂದು ಪುಟದ ಫೋಟೋ ತೆಗೆದು ಅಣ್ಣನಿಗೋ ತಮ್ಮನಿಗೋ ಕಳಿಸಿಡಿ. ನೋಟ್‌ಬುಕ್ಕಿನ ತಾರೀಖು, ಅವರ ಅಕೌಂಟಿಗೆ ಬಂದ ಯುಪಿಐ ದುಡ್ಡಿನ ತಾರೀಖು ಹೊಂದಿದರೆ ಅಫಿಡವಿಟ್‌ನಲ್ಲಿ ಸುಳ್ಳು ಬರೆಯುವುದು ಕಷ್ಟ.

ಸುಂಟಿಕೊಪ್ಪ ಬ್ಯಾಂಕಣ್ಣ:

ನಾನು ಬ್ಯಾಂಕಿನಲ್ಲಿ ಸಾಲದ ಸೆಕ್ಷನ್‌ನಲ್ಲಿದ್ದು ರಿಟೈರ್ ಆದವನು. ಕಾನೂನು ಸರ್ ಹೇಳಿದ್ದಾರೆ, ನಾನು ಬರೀ ಲೆಕ್ಕ ಹೇಳ್ತೇನೆ.

12 ಲಕ್ಷ ಕೇಳೋಕೆ ದೊಡ್ಡದು. ಏಳು ಪರ್ಸೆಂಟಿಗೆ ಎಫ್‌ಡಿ ಇಟ್ಟರೆ ವರ್ಷಕ್ಕೆ 84,000, ತಿಂಗಳಿಗೆ 7,000. ನಿಮ್ಮ ಮಗಳ ಸ್ಕೂಲ್ ಫೀಸು, ವ್ಯಾನು, ಯೂನಿಫಾರ್ಮು ಎಲ್ಲ ಸೇರಿಸಿ ನೀವೇ ನೋಡಿ. ಅವಳಿಗೆ 18 ಆಗೋಕೆ ಇನ್ನೂ 9 ವರ್ಷ. ಅಸಲು ಮುಟ್ಟದೆ ಆಗಲ್ಲ.

ಆದ್ರೆ ನನಗೆ ಹೆದರಿಕೆ ಆಗಿದ್ದು ಅದಲ್ಲ, ಆ 9 ಲಕ್ಷದ ಸಾಲ. ಡೈವೋರ್ಸ್ ಡಿಕ್ರಿ ನಿಮ್ಮಿಬ್ಬರ ಮಧ್ಯೆ. ಬ್ಯಾಂಕಿಗೂ ಅದಕ್ಕೂ ಸಂಬಂಧ ಇಲ್ಲ. ಸಾಲ ನಾನು ಕಟ್ತೇನೆ ಅಂತ ಗಂಡ ಕೋರ್ಟಿನಲ್ಲಿ ಬರೆದುಕೊಟ್ಟರೂ, ಅವರು ಕಟ್ಟದಿದ್ದರೆ ಬ್ಯಾಂಕಿನವರು ನಿಮ್ಮ ಬಾಗಿಲಿಗೆ ಬರ್ತಾರೆ. ಸಿಬಿಲ್ ಸ್ಕೋರ್ ಇಬ್ಬರದ್ದೂ ಹಾಳು. ನಾಳೆ ಮಗಳಿಗೆ ಎಜುಕೇಶನ್ ಲೋನ್ ತೆಗೆಯೋಕೆ ಹೋದಾಗ ಅದೇ ಅಡ್ಡ ಬರುತ್ತೆ. 12ರಲ್ಲಿ 9 ಕಳೆದರೆ ನಿಮ್ಮ ಕೈಲಿ ಉಳಿಯೋದು 3, ಅಲ್ವಾ? ಹಾಗಾಗಿ ಎರಡನೇ ಮೋಷನ್‌ಗೆ ಮೊದಲು ಸಾಲ ತೀರಿಸಿ ನೋ ಡ್ಯೂ ಸರ್ಟಿಫಿಕೇಟ್ ತರಬೇಕು, ಇಲ್ಲಾಂದ್ರೆ ಬ್ಯಾಂಕಿನಿಂದಲೇ ನಿಮ್ಮ ಹೆಸರು ತೆಗೆದ ಪತ್ರ ತರಬೇಕು ಅಂತ ಬರೆಸಿ. ನಿಮ್ಮ ಊರಿನ ಸೊಸೈಟಿಯಲ್ಲಿ ಬೆಳೆ ಸಾಲಕ್ಕೆ ಜಾಮೀನು ಹಾಕಿದ್ದೀರಾ ಅದೂ ನೋಡಿ. ಹೆಂಗಸರು ತುಂಬ ಸಲ ಎಲ್ಲಿ ಸಹಿ ಹಾಕಿದೆವು ಅಂತಲೇ ಮರೆತಿರ್ತಾರೆ. ತಪ್ಪು ಅವರದ್ದಲ್ಲ. ಕಾಫಿ ಲೋಟ ಇಟ್ಟು ಹೋಗುವಾಗ "ಇಲ್ಲೊಂದು ಸಹಿ ಹಾಕು" ಅಂದ್ರೆ ಯಾರು ಓದ್ತಾರೆ?

ಒಂದು ಚಿಕ್ಕ ವಿಷಯ. ಒಂದೇ ಗಂಟಿಗೆ ಬಂದ ಹಣಕ್ಕೆ ಸಾಮಾನ್ಯವಾಗಿ ನಿಮ್ಮ ಕೈಲಿ ತೆರಿಗೆ ಬೀಳಲ್ಲ. ತಿಂಗಳು ತಿಂಗಳು ಬಂದರೆ ಅದನ್ನು ಆದಾಯ ಅಂತ ನೋಡ್ತಾರೆ.

ಕುಶಾಲನಗರ ಅಕ್ಕ:

ತಂಗೀ, ನಾನು ಇದೆಲ್ಲ ದಾಟಿ ಬಂದವಳು. ನನಗೆ ತಿಂಗಳಿಗೆ 8,000 ಅಂತ ಆದೇಶ ಆಗಿತ್ತು, ಜೀವನಾಂಶದ 125ನೇ ಸೆಕ್ಷನ್‌ನಲ್ಲಿ. ಈಗ ಅದೇ ಹೊಸ ದಂಡ ಪ್ರಕ್ರಿಯಾ ಕಾನೂನಾದ ಬಿಎನ್‌ಎಸ್‌ಎಸ್‌ನಲ್ಲಿ 144 ಆಗಿದೆ. ಮೂರು ತಿಂಗಳು ಬಂತು. ನಾಲ್ಕನೇ ತಿಂಗಳು "ಮಳೆ ಜಾಸ್ತಿ, ಕಾಯಿ ಉದುರಿದೆ" ಅಂದರು. ನಾನೂ ಸುಮ್ನೆ ಕೂತೆ. ಇವತ್ತು ಕೊಡ್ತಾರೆ, ನಾಳೆ ಕೊಡ್ತಾರೆ ಅಂತ ಒಂದೂವರೆ ವರ್ಷ. ಕೊನೆಗೆ ವಸೂಲಿಗೆ ಅರ್ಜಿ ಹಾಕಿದಾಗ ಗೊತ್ತಾಯ್ತು, ಬಾಕಿ ಬಿದ್ದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕಂತೆ. ಹಳೆಯ ಆರು ತಿಂಗಳು, 48,000, ಹೋಯ್ತು. ಆ ದುಡ್ಡಿಗಿಂತ ನನ್ನ ದಡ್ಡತನ ನೆನೆದು ಜಾಸ್ತಿ ಉರಿಯಿತು.

ಅದಕ್ಕೇ ಹೇಳ್ತೇನೆ, ನಿನಗೆ ಬರುವುದನ್ನು ಒಂದೇ ಗಂಟಾಗಿ ತಗೋ. ಮಗಳದ್ದು ಬೇರೆ ಬರೆಸು. ಫೀಸು ನೇರ ಶಾಲೆಗೆ ಕಟ್ಟಬೇಕು, ಪ್ರತಿ ವರ್ಷ ಇಷ್ಟು ಪರ್ಸೆಂಟ್ ಏರಬೇಕು ಅಂತ. ಅವಳು ಯಾರ ಹತ್ತಿರ ಇರುತ್ತಾಳೆ, ಅಪ್ಪ ಯಾವಾಗ ನೋಡಬಹುದು, ಪುತ್ತರಿಗೆ ಎಲ್ಲಿ, ಬೇಸಿಗೆ ರಜೆಗೆ ಎಲ್ಲಿ, ಎಲ್ಲ ಬರೆಸು. ಬರೆಯದೆ ಬಿಟ್ಟರೆ ಪ್ರತಿ ಹಬ್ಬಕ್ಕೂ ಫೋನಿನಲ್ಲಿ ಜಗಳ. ನಿನ್ನ ಇನ್ಶೂರೆನ್ಸು, ಬ್ಯಾಂಕ್ ಅಕೌಂಟಿನಲ್ಲಿ ನಾಮಿನಿ ಯಾರಿದ್ದಾರೆ ನೋಡು. ಡೈವೋರ್ಸ್ ಆದ ತಕ್ಷಣ ಅದು ತಾನಾಗಿ ಬದಲಾಗಲ್ಲ. ನನ್ನದು ನಾಲ್ಕು ವರ್ಷ ಅವರ ಹೆಸರಲ್ಲೇ ಇತ್ತು!

ವಕೀಲರ ಫೀಸಿಗೆ ಹೆದರಬೇಡ. ಮಡಿಕೇರಿಯಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಕೊಡ್ತಾರೆ. 15100ಕ್ಕೆ ಫೋನ್ ಮಾಡಿದರೂ ಆಯ್ತು.

ಮಾದಾಪುರದವಳು:

ಎಲ್ಲರಿಗೂ ಕೈ ಮುಗಿಯುತ್ತೇನೆ. ಏನು ಮಾಡಿದೆ ಅಂತ ಹೇಳಿ ಮುಗಿಸ್ತೇನೆ.

ನಿನ್ನೆ ರಾತ್ರಿ ಅಪ್ಪನನ್ನು ಕೂರಿಸಿಕೊಂಡು ಬ್ಯಾಂಕಣ್ಣ ಹೇಳಿದ ಲೆಕ್ಕವನ್ನು ಕ್ಯಾಲೆಂಡರ್ ಹಿಂದೆ ಬರೆದು ತೋರಿಸಿದೆ. 12, ಅದರಲ್ಲಿ 9 ಕಳೆದು 3. ಅಪ್ಪ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ "ಆ ಸಾಲಕ್ಕೆ ನಿನ್ನ ಸಹಿ ಯಾಕೆ ಹಾಕಿಸಿದ್ರು" ಅಂತ ಮಾತ್ರ ಕೇಳಿದರು. ಹಿರಿಯರಿಗೆ ಅವರೇ ಫೋನ್ ಮಾಡಿ, ಬಾಂಡ್ ಪೇಪರ್ ಬೇಡ, ಕೋರ್ಟಿನಲ್ಲೇ ಒಪ್ಪಿಗೆಯಿಂದ ಮಾಡೋಣ ಅಂದರು. ಆ ಕಡೆಯವರು ಬೇಜಾರಾದರು, ಆದರೆ ಇಲ್ಲ ಅನ್ನಲಿಲ್ಲ. ಒಡವೆ ಮಾತು ತೆಗೆದಾಗ ಅತ್ತೆ ಫೋನಿಗೆ ಬಂದರು. ಪತ್ತಾಕ್ ಕೊಡ್ತಾರಂತೆ, ಜೋಮಾಲೆ ಅವರ ಮನೆಯದ್ದಂತೆ. ಮದುವೆ ಆಲ್ಬಂ ತೆಗೆದು ನೋಡಿದೆ. ಊರಿಂದ ಹೊರಡುವ ಮೊದಲು ನಮ್ಮ ಮನೆ ನೆಲ್ಲಕ್ಕಿ ಬಾಡೆಯಲ್ಲಿ (ದೀಪ ಇಡುವ ನಡುಮನೆಯಲ್ಲಿ) ತೆಗೆದ ಫೋಟೋದಲ್ಲೇ ಜೋಮಾಲೆ ನನ್ನ ಕುತ್ತಿಗೆಯಲ್ಲಿದೆ. ಗಂಡಿನ ಕಡೆಯವರು ಇನ್ನೂ ಬಂದೇ ಇರಲಿಲ್ಲ ಆಗ. ಆ ಫೋಟೋ ಆಲ್ಬಮ್ಮಿನಿಂದ ಬಿಡಿಸಿ ಎತ್ತಿಟ್ಟಿದ್ದೇನೆ.

ಸೊಸೈಟಿಯಲ್ಲಿ ವಿಚಾರಿಸಿದೆ. ಒಂದು ಬೆಳೆ ಸಾಲಕ್ಕೆ ಜಾಮೀನು ಹಾಕಿದ್ದೆನಂತೆ. ನನಗೆ ನೆನಪೇ ಇಲ್ಲ. ಸಹಿ ಮಾತ್ರ ನನ್ನದೇ.

ಸೋಮವಾರ ಅಂಗಡಿಗೆ ರಜೆ ಹೇಳಿದ್ದೇನೆ, ಬೆಳಗಿನ ಬಸ್ಸಿಗೆ ಮಡಿಕೇರಿಗೆ ಹೋಗ್ತೇನೆ. ನೋಟ್‌ಬುಕ್ಕಿನ ಪುಟಗಳ ಫೋಟೋ ತೆಗೆಯೋಕೆ ಮಗಳು ಸಹಾಯ ಮಾಡಿದಳು, ಮೂರು ಮುಗಿದಿದೆ. ನಾಲ್ಕನೆಯದರಲ್ಲಿ ಕಾಚಂಪುಳಿ (ಅಡುಗೆಗೆ ಹಾಕುವ ಕಪ್ಪು ಹುಳಿ ರಸ) ಚೆಲ್ಲಿ ಹತ್ತು ಪುಟ ಅಂಟಿಕೊಂಡಿವೆ. ಹರಿಯದ ಹಾಗೆ ಬಿಡಿಸೋದು ಹೇಗೆ ಅಂತ ಯಾರಿಗಾದ್ರೂ ಗೊತ್ತಾ?