ಯುಗಾದಿ ಹೊತ್ತಿಗೆ ಮನೆ ಮಾರಾಟಕ್ಕೆ ಇಡಬೇಕು, 3 ಲಕ್ಷ ಎಲ್ಲಿ ಹಾಕೋದು?

ಹಳೇಮನೆ_ಕುವೆಂಪುನಗರ:
ಮೈಸೂರು ಕುವೆಂಪುನಗರದಲ್ಲಿ 30×40 ಸೈಟಿನ ಮನೆ, 1998ರಲ್ಲಿ ಕಟ್ಟಿದ್ದು. ಕೆಳಗೆ ಎರಡು ಬೆಡ್‌ರೂಮು, ಮೇಲೊಂದು ರೂಮು. ಖಾತೆ ಅಪ್ಪನ ಹೆಸರಲ್ಲೇ ಇದೆ. ಅವರು ತೀರಿಕೊಂಡಿದ್ದಾರೆ, ವಿಲ್ ಇಲ್ಲ. ವಾರಸುದಾರರು ಅಮ್ಮ, ನಾನು, ಅಮೆರಿಕದಲ್ಲಿರೋ ತಂಗಿ. ಮನೆ ಮೇಲಿದ್ದ ಸಾಲ ಹೋದ ವರ್ಷ ತೀರಿತು, ಮೂಲ ಪತ್ರಗಳು ಇನ್ನೂ ಬ್ಯಾಂಕಲ್ಲೇ ಇವೆ.

ಈ ಸಲ (2026) ಯುಗಾದಿ ಮಾರ್ಚ್ 19ಕ್ಕೆ. ಅಷ್ಟರಲ್ಲಿ ಮನೆ ತೋರಿಸೋ ಹಾಗಿರಬೇಕು. ಈಗ ಜನವರಿ ಮೊದಲ ವಾರ, ಕೈಯಲ್ಲಿರೋದು 3 ಲಕ್ಷ. ಹಾಲಿನ ಪಡುವಣ ಗೋಡೆ ನೆಲದಿಂದ ಎರಡಡಿವರೆಗೆ ಪೇಂಟ್ ಉಬ್ಬಿ ಉದುರ್ತಿದೆ. ಬೆಡ್‌ರೂಮ್ ಸೀಲಿಂಗಿನ ಮೂಲೇಲಿ ಹಳದಿ ಕಲೆ. ಅಡುಗೆಮನೇಲಿ ಹಳೇ ಕಡಪ ಕಲ್ಲು. ಏಜೆಂಟ್ ಮಾತ್ರ "ಪೂರ್ತಿ ಪೇಂಟ್ ಹೊಡೆಸಿ, ಮಾಡ್ಯುಲರ್ ಕಿಚನ್ ಹಾಕಿಸಿ, ರೇಟ್ ತಾನಾಗೇ ಬರುತ್ತೆ" ಅಂತಿದ್ದಾರೆ. ಎಲ್ಲಿಂದ ಶುರು ಮಾಡಲಿ?

ತಾರಸಿ_ಕೆಲಸ:
ಮಾಡ್ಯುಲರ್ ಕಿಚನ್ ಮರೆತುಬಿಡಿ ಸರ್. 28 ವರ್ಷದ ಮನೆ ಕೊಳ್ಳೋರು ಅಡುಗೆಮನೆ ಹೇಗೂ ತಮಗೆ ಬೇಕಾದ ಹಾಗೆ ಒಡೆಸಿ ಕಟ್ಟಿಸ್ತಾರೆ. ನಿಮ್ಮ ರೇಟ್ ಇಳಿಸೋದು ಆ ಗೋಡೆ ಮತ್ತು ಸೀಲಿಂಗಿನ ಕಲೆ.

ಸೀಲಿಂಗ್ ಕಲೆಗೆ ನೇರ ಮೇಲೆ ತಾರಸಿಯಲ್ಲಿ ಏನಿದೆ ನೋಡಿ. ಬಹುಪಾಲು ಪ್ಯಾರಾಪೆಟ್ (ತಾರಸಿ ಅಂಚಿನ ಗಿಡ್ಡ ಗೋಡೆ) ಸ್ಲ್ಯಾಬಿಗೆ ಸೇರೋ ಮೂಲೆ, ಇಲ್ಲಾ ಮಳೆನೀರು ಪೈಪಿನ ಬಾಯಿ. ಖಾತ್ರಿಯಾಗಬೇಕಾದ್ರೆ ಪೈಪಿನ ಬಾಯಿಗೆ ಮರಳು ಚೀಲ ಒತ್ತಿ, ಆ ಮೂಲೆಗೆ ಗಾರೆಯಿಂದ ಸಣ್ಣ ಕಟ್ಟೆ ಕಟ್ಟಿ, ಎರಡಿಂಚು ನೀರು ನಿಲ್ಲಿಸಿ. 48 ಗಂಟೆ ಬಿಟ್ಟು ಕೆಳಗೆ ನೋಡಿ. ಕಲೆ ಹರಡಿದ್ರೆ ನೀರು ಅಲ್ಲಿಂದಲೇ. ಒಣಗೇ ಇದ್ರೆ ಮೇಲಿನ ರೂಮಿನ ಬಾತ್‌ರೂಮು, ಟ್ಯಾಂಕಿನಿಂದ ಇಳಿಯೋ ಪೈಪು ಅನುಮಾನಿಸಿ.

ರಿಪೇರಿ ಹೀಗೆ: ಬಿರುಕುಗಳನ್ನ ಅರ್ಧ ಇಂಚು ಅಗಲ, ಅರ್ಧ ಇಂಚು ಆಳ ಕೊರೆದು ಪಾಲಿಮರ್ ಗಾರೆ ತುಂಬಿಸಿ. ಪ್ಯಾರಾಪೆಟ್ ಮೂಲೆಗೆ 1:3 ಗಾರೆಗೆ (ಒಂದು ಪಾಲು ಸಿಮೆಂಟ್, ಮೂರು ಪಾಲು ಮರಳು) ಲೇಟೆಕ್ಸ್ ಬೆರೆಸಿ, ಎರಡಿಂಚಿನ ಗೋಲಾ, ಅಂದ್ರೆ ಮೂಲೆ ತುಂಬೋ ದುಂಡನೆ ಅಂಚು ಕಟ್ಟಿಸಿ. ಆಮೇಲೆ ವಾಟರ್‌ಪ್ರೂಫ್ ಕೋಟಿಂಗ್ ಎರಡು ಕೈ, ಎರಡನೇದು ಮೊದಲನೇದಕ್ಕೆ ಅಡ್ಡಲಾಗಿ. ಪ್ಯಾರಾಪೆಟ್ ಮೇಲೂ ಒಂದಡಿ ಏರಿಸಬೇಕು, ಪೈಪಿನ ಬಾಯಿಯೊಳಗೂ ಇಳಿಸಬೇಕು. ಎರಡೇ ವರ್ಷಕ್ಕೆ ಕೋಟಿಂಗ್ ಸಿಪ್ಪೆ ಏಳೋದು ಪಾಚಿ, ಹಳೇ ಪದರ ವೈರ್ ಬ್ರಶ್‌ನಲ್ಲಿ ಉಜ್ಜದೆ ಹಾಗೇ ಹೊಡೆದಾಗ.

ಗೋಡೇದು ಬೇರೆ ಕಥೆ. ಎರಡಡಿಗೇ ನಿಂತಿದೆ ಅಂದ್ರೆ ತೇವ ತಳಪಾಯದಿಂದ ಮೇಲೇರ್ತಿದೆ. ಎರಡಡಿ ಚೌಕದ ಪಾಲಿಥಿನ್ ಹಾಳೆಯನ್ನ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಒಳಮೈಲಿ ನೀರಿನ ಹನಿ ಇದ್ರೆ ತೇವ ಗೋಡೆಯಿಂದ. ಹಾಗಿದ್ರೆ ಮೂರಡಿ ಎತ್ತರಕ್ಕೆ ಪ್ಲಾಸ್ಟರ್ ಪೂರ್ತಿ ತೆಗೆಸಿ ಇಟ್ಟಿಗೆ ಕಾಣಿಸಬೇಕು. ಬಿಳಿ ಉಪ್ಪನ್ನ ಒಣ ಬ್ರಶ್ಶಲ್ಲೇ ಉದುರಿಸಿ. ನೀರು ಹಾಕಿ ತೊಳೆದ್ರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತೆ. ಎರಡು ವಾರ ಒಣಗಲಿ. ಆಮೇಲೆ 1:4 ಪ್ಲಾಸ್ಟರ್, 50 ಕೆಜಿ ಸಿಮೆಂಟ್ ಚೀಲಕ್ಕೆ 200 ಮಿಲಿ ವಾಟರ್‌ಪ್ರೂಫಿಂಗ್ ದ್ರವ, ಏಳು ದಿನ ನೀರುಣಿಸಿ ಕ್ಯೂರಿಂಗ್. ಪುಟ್ಟಿಗೆ ಮುಂಚೆ, ಪ್ಲಾಸ್ಟರ್ ಆದ ದಿನದಿಂದ ಒಟ್ಟು 28 ದಿನ ಕಾಯಲೇಬೇಕು. ಈ ವಾರ ಒಡೆಸಿದ್ರೆ ಜನವರಿ 25ರ ಹೊತ್ತಿಗೆ ಪ್ಲಾಸ್ಟರ್, ಫೆಬ್ರವರಿ ಕೊನೇಲಿ ಪೇಂಟ್. ತಡ ಮಾಡಿದ್ರೆ ಯುಗಾದಿಗೆ ಹಸಿ ಗೋಡೆ ತೋರಿಸ್ತೀರಿ.

ಪಿವಿಸಿ ಪ್ಯಾನೆಲ್ ಹೊಡೆದು ಮುಚ್ಚೋ ಐಡಿಯಾ ಯಾರಾದ್ರೂ ಕೊಟ್ಟರೆ ಬೇಡ ಅನ್ನಿ. ಗಿರಾಕಿ ಜೊತೆ ಬರೋ ಮೇಸ್ತ್ರಿ ಮೊದಲು ಕುಟ್ಟಿ ನೋಡೋದೇ ಅಲ್ಲಿ.

ದಸ್ತಾವೇಜು:
ಗೋಡೆ ಒಣಗೋವಷ್ಟು ದಿನ ಕಾಗದದ ಕೆಲಸ ನಡೀಲಿ, ಅದಕ್ಕೆ ಗೋಡೆಗಿಂತ ಹೆಚ್ಚು ಸಮಯ ಬೇಕು. 2024ರ ಅಕ್ಟೋಬರ್‌ನಿಂದ ನಗರ ಪ್ರದೇಶದ ಆಸ್ತಿಗೆ ಇ-ಖಾತಾ (ಡಿಜಿಟಲ್ ಖಾತೆ) ಇಲ್ಲದೆ ನೋಂದಣಿ ಇಲ್ಲ. ಅಪ್ಪನವರ ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ ಹಿಡ್ಕೊಂಡು ಮೊದಲು ಮೂವರ ಹೆಸರಿಗೂ ಖಾತೆ ಮಾಡಿಸಿ, ಆಮೇಲೆ ಇ-ಖಾತಾ. ತಂಗಿಯವರ ಸಹಿ ಬಿಟ್ಟು ಮಾರೋ ಯೋಚನೆ ಬೇಡ, ಅವರಿಗೂ ಸಮಪಾಲು ಇದೆ, ಖರೀದಿದಾರರ ವಕೀಲರು ಮೊದಲು ಕೇಳೋದೇ ಅದನ್ನ.

ಇಸಿ (ಆಸ್ತಿಯ ಋಣಭಾರ ಪ್ರಮಾಣಪತ್ರ) ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ 2004ರ ಏಪ್ರಿಲ್‌ನಿಂದ ಈಚೆಗೆ ಸಿಗುತ್ತೆ. ಅದಕ್ಕೂ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೇ ಹೋಗಬೇಕು. ಸಾಲ ತೀರಿದ್ರೂ ಇಸಿಯಲ್ಲಿ ಅಡಮಾನ ಹಾಗೇ ಕಾಣ್ತಿರಬಹುದು. ಬ್ಯಾಂಕಿನಿಂದ ಬಿಡುಗಡೆ ಪತ್ರ ನೋಂದಣಿ ಮಾಡಿಸಿದ ಮೇಲೆ ಹೊಸ ಇಸಿ ತೆಗೆಸಿ. ಆರ್‌ಬಿಐ ನಿಯಮದ ಪ್ರಕಾರ ಸಾಲ ತೀರಿದ 30 ದಿನದೊಳಗೆ ಮೂಲ ಪತ್ರ ವಾಪಸ್ ಕೊಡಬೇಕು. ಬ್ಯಾಂಕಿನ ಕಡೆಯಿಂದಲೇ ತಡವಾದ್ರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಇದನ್ನ ಬರವಣಿಗೆಯಲ್ಲಿ ಕೇಳಿ.

ತಂಗಿಯವರು ಬರೋಕಾಗದಿದ್ರೆ ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ದೃಢೀಕರಿಸಿದ, ಇಲ್ಲಾ ನೋಟರಿ ಮಾಡಿಸಿ ಅಪಾಸ್ಟಿಲ್ (ಬೇರೆ ದೇಶದಲ್ಲೂ ನಡೆಯೋ ಸರ್ಕಾರಿ ದೃಢೀಕರಣ) ಆದ ಜಿಪಿಎ, ಅಂದ್ರೆ ತಮ್ಮ ಪರವಾಗಿ ಸಹಿ ಹಾಕೋ ಅಧಿಕಾರ ಪತ್ರ ಕಳಿಸಲಿ. ಅದು ಭಾರತಕ್ಕೆ ಬಂದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಎಲ್ಲರೂ ಎಡವೋದು ಟಿಡಿಎಸ್‌ನಲ್ಲಿ, ಅಂದ್ರೆ ಹಣ ಕೊಡುವಾಗಲೇ ಗಿರಾಕಿ ಹಿಡಿದುಕೊಳ್ಳೋ ತೆರಿಗೆಯಲ್ಲಿ. 50 ಲಕ್ಷ ಮುಟ್ಟಿದ ಮಾರಾಟಕ್ಕೆ ನಿಮ್ಮ, ಅಮ್ಮನವರ ಪಾಲಿಗೆ ಶೇ 1. ತಂಗಿ ಎನ್‌ಆರ್‌ಐ ಆಗಿದ್ರೆ ಅವರ ಪಾಲಿಗೆ ಆ 50 ಲಕ್ಷದ ಮಿತಿಯೇ ಇಲ್ಲ, ಶೇ 12.5 ಮತ್ತು ಮೇಲೆ ಸೆಸ್. ಅದೂ ಲಾಭದ ಮೇಲಲ್ಲ, ಅವರಿಗೆ ಬರೋ ಇಡೀ ಮೊತ್ತದ ಮೇಲೆ ಹಿಡೀಬೇಕಾಗುತ್ತೆ. ಕಡಿಮೆ ಕಡಿತಕ್ಕೆ ಆದಾಯ ತೆರಿಗೆ ಇಲಾಖೆಯಿಂದ ಪ್ರಮಾಣಪತ್ರ ತರಬಹುದು, ವಾರಗಟ್ಟಲೆ ಹಿಡಿಯುತ್ತೆ. ಇದನ್ನ ಅಗ್ರಿಮೆಂಟ್ ದಿನ ಹೇಳಿದ್ರೆ ಗಿರಾಕಿ ಹೆದರಿ ಎದ್ದುಹೋಗ್ತಾರೆ, ಮೊದಲೇ ಹೇಳಿ.

ಇನ್ನೊಂದು. ಈ ವರ್ಷ ಮೇ 17ರಿಂದ ಜೂನ್ 15ರವರೆಗೆ ಅಧಿಕ ಮಾಸ, ಜುಲೈ ಮಧ್ಯದಿಂದ ಆಷಾಢ. ನಂಬೋರು ನಂಬದೇ ಇರೋರು ಇಬ್ಬರೂ ಆಗ ಅಡ್ವಾನ್ಸ್ ಕೊಡೋಕೆ ಹಿಂದೆಮುಂದೆ ನೋಡ್ತಾರೆ. ನಿಮ್ಮ ಒಳ್ಳೇ ಕಾಲ ಯುಗಾದಿಯಿಂದ ಮೇ ಮಧ್ಯದವರೆಗೆ.

ಹಳೇಮನೆ_ಕುವೆಂಪುನಗರ:
ಥ್ಯಾಂಕ್ಸ್ ಇಬ್ಬರಿಗೂ. ಆ ಗೋಡೆಯ ಹೊರಗಡೆ ಉದ್ದಕ್ಕೂ ಹೂವಿನ ಪಾತಿ ಇದೆ, ಮಣ್ಣು ಒಳಗಿನ ನೆಲದ ಮಟ್ಟಕ್ಕೇ ಬಂದಿದೆ. ಅದೇ ಕಾರಣನಾ? ಉಳಿದ ರೂಮುಗಳ ಪೇಂಟ್ ಈಗಲೇ ಶುರು ಮಾಡಬಹುದಾ?

ಬಣ್ಣ_ಮತ್ತು_ಗಾರೆ:
ಹೌದು, ಅದೇ. ದಿನಾ ಪಾತಿಗೆ ಹಾಕೋ ನೀರೆಲ್ಲ ಗೋಡೆಗೇ ಹೋಗಿದೆ. ಪ್ಲಾಸ್ಟರ್ ಒಡೆಸೋ ದಿನವೇ ಪಾತಿ ತೆಗೆಸಿ, ಮಣ್ಣು ಒಳನೆಲಕ್ಕಿಂತ ಒಂದಡಿ ಕೆಳಗಿಳೀಲಿ. ಗೋಡೆಯ ಹೊರಮೈಗೂ ಒಳಗಿನಷ್ಟೇ ಎತ್ತರ ಹೊಸ ಪ್ಲಾಸ್ಟರ್. ಎರಡಡಿ ಅಗಲ ಕಾಂಕ್ರೀಟ್ ಹಾಕಿಸಿ ಹೊರಕ್ಕೆ ಒಂದಿಂಚು ಇಳಿಜಾರು ಕೊಡಿಸಿ. ಮಲ್ಲಿಗೆ ಬಳ್ಳಿ ಇದ್ರೆ ಕುಂಡಕ್ಕೆ ಹಾಕಿ.

ಪೇಂಟಿಗೆ ಲೆಕ್ಕ: ಗೋಡೆ, ಸೀಲಿಂಗ್ ಎರಡೂ ಸೇರಿ ಕಾರ್ಪೆಟ್ ವಿಸ್ತೀರ್ಣದ ಮೂರೂವರೆ ಪಟ್ಟು. ಎರಡು ಕೈ ಹೊಡೆಯೋಕೆ ಲೀಟರಿಗೆ 60–70 ಚದರಡಿ ಅಂತ ಹಿಡಿದ್ರೆ ಕೊರತೆ ಬೀಳಲ್ಲ. ತಿಳಿ ಕೆನೆ ಬಣ್ಣ ಒಂದೇ ಎಲ್ಲ ರೂಮಿಗೂ ಸಾಕು, ಡಬ್ಬ ಉಳಿಯಲ್ಲ. ಕಡಪ ಕಲ್ಲು ಕೀಳಬೇಡಿ, ಪಾಲಿಶ್ ಮಾಡಿಸಿ. ಬಾತ್‌ರೂಮಿನ ಟೈಲ್ಸಿಗೆ ಸಂದಿನ ಹಳೇ ಗ್ರೌಟ್ ಕೆರೆಸಿ ಎಪಾಕ್ಸಿ ಗ್ರೌಟ್ ತುಂಬಿಸಿ, ಸೋರೋ ನಲ್ಲಿ ಬದಲಿಸಿ. ಸಂಪ್ ತೊಳೆಸಿ, ಮುಚ್ಚಳ ತೆಗೆದು ನೋಡದ ಗಿರಾಕಿ ಇಲ್ಲ. ವಾಣಿ ವಿಲಾಸದ ನೀರಿನ ಬಾಕಿ, ಸೆಸ್ಕ್ ಕರೆಂಟ್ ಬಿಲ್, ಕಂದಾಯ ಎಲ್ಲ ಕಟ್ಟಿ ರಶೀದಿ ಒಂದೇ ಫೈಲಲ್ಲಿಡಿ.

3 ಲಕ್ಷದಲ್ಲಿ ಅರ್ಧ ಸೋರಿಕೆ, ತೇವ ತಡೆಯೋ ಕೆಲಸಕ್ಕೆ, ಉಳಿದದ್ದರಲ್ಲಿ ಪೇಂಟ್. ಒಂದಿಷ್ಟು ಕೈಯಲ್ಲೇ ಇರಲಿ, ಪ್ಲಾಸ್ಟರ್ ತೆಗೆದ ಮೇಲೆ ಒಳಗೆ ತುಕ್ಕು ಹಿಡಿದ ಪೈಪ್ ಸಿಕ್ಕರೆ ಬೇಕಾಗುತ್ತೆ.

ಉಳಿದ ರೂಮು ಈ ತಿಂಗಳಲ್ಲೇ ಪೇಂಟ್ ಮಾಡಿಸಿ, ಹಾಲ್ ಮತ್ತು ಕಲೆ ಇರೋ ಬೆಡ್‌ರೂಮ್ ಬಿಟ್ಟು. ಒಡೆಯೋ ಧೂಳು ಹಾಲಿಂದ ಎಲ್ಲ ಕಡೆ ಹೋಗುತ್ತೆ, ಆದ್ದರಿಂದ ಗೋಡೆ ಒಡೆಸೋದು ಮೊದಲು, ಬ್ರಶ್ ಹಿಡಿಯೋದು ಅದರ ಮಾರನೇ ವಾರ.