ಇಇಜಿ ನಾರ್ಮಲ್ ಬಂದರೂ ಫಿಟ್ಸ್ ಇರಬಹುದಾ?

ಪ್ರಶ್ನೆ (ಗದಗದಿಂದ):
ನಮಸ್ಕಾರ ಮೇಡಂ. ನನ್ನ ಹೆಂಡತಿಗೆ 34 ವರ್ಷ. ವಾರಕ್ಕೊಮ್ಮೆ ಹೊಟ್ಟೆಯಿಂದ ಏನೋ ಎದೆಗೆ ಏರಿ ಬಂತು ಅಂತಾಳೆ. ಆಮೇಲೆ ಒಂದು ನಿಮಿಷ ಕಣ್ಣು ನೆಟ್ಟು ಕೂತುಬಿಡುತ್ತಾಳೆ, ಕರೆದರೂ ಓಗೊಡುವುದಿಲ್ಲ. ಬೀಳುವುದಿಲ್ಲ, ಕೈಕಾಲು ಬಡಿಯುವುದಿಲ್ಲ. ಇಇಜಿ ನಾರ್ಮಲ್. ಒಬ್ಬರು ಗ್ಯಾಸ್ಟ್ರಿಕ್ ಎಂದರು, ಇನ್ನೊಬ್ಬರು ಟೆನ್ಷನ್ ಎಂದರು. ಅವ್ವ ದೇವರ ಕಾಟ ಅಂತಾಳೆ.

ಉತ್ತರ (ನರರೋಗ ತಜ್ಞೆ, ಹುಬ್ಬಳ್ಳಿ):
ಫಿಟ್ಸ್ ಇರಬಹುದು ಸರ್. ಇಇಜಿ ಅಂದರೆ ಮಿದುಳಿನ ವಿದ್ಯುತ್ ಅಲೆಗಳ ದಾಖಲೆ. ಅದನ್ನು ತೆಗೆಯುವುದು ಅರ್ಧ ಗಂಟೆ, ಇವರಿಗೆ ಬರುವುದು ವಾರಕ್ಕೊಮ್ಮೆ. ಆ ಅರ್ಧ ಗಂಟೆ ಮಿದುಳು ಸುಮ್ಮನಿದ್ದರೆ ರಿಪೋರ್ಟೂ ಸುಮ್ಮನಿರುತ್ತದೆ. ಫಿಟ್ಸ್ ಇರುವವರಲ್ಲೇ ಸುಮಾರು ಅರ್ಧ ಜನರ ಮೊದಲ ಇಇಜಿ ನಾರ್ಮಲ್ ಬರುತ್ತದೆ. ನನಗೆ ಬೇಕಾದದ್ದು ಬೇರೆ: ಆ ಒಂದು ನಿಮಿಷ ಕೈ ಏನು ಮಾಡುತ್ತವೆ? ಮುಗಿದ ತಕ್ಷಣ ಮಾತು ಬರುತ್ತದಾ?

ಪ್ರಶ್ನೆ:
ಮೊನ್ನೆ ರೊಟ್ಟಿ ಬಡಿಯುವಾಗ ಬಂತು. ಎಡಗೈ ಸೆಟೆದು ತಿರುಚಿಕೊಂಡಿತ್ತು. ಬಲಗೈ ಸೆರಗು ಹಿಂಡುತ್ತಲೇ ಇತ್ತು. ಬಾಯಿ ಚಪ್ಪರಿಸುತ್ತಿದ್ದಳು. ಹಂಚಿನ ಮೇಲಿನ ರೊಟ್ಟಿ ಕರಕಲಾಯಿತು. ಎಚ್ಚರಾದ ಕೂಡಲೇ "ಯಾಕ್ರೀ, ಏನಾತು?" ಅಂದಳು.

ಉತ್ತರ:
ಇಷ್ಟು ಚೆನ್ನಾಗಿ ನೋಡಿ ಹೇಳುವವರು ಕಡಿಮೆ. ಹೊಟ್ಟೆಯಿಂದ ಏರುವುದು, ಬಾಯಿ ಚಪ್ಪರಿಸುವುದು ಕಿವಿಯ ಒಳಬದಿಗಿರುವ, ಮಿದುಳಿನ ಟೆಂಪೊರಲ್ ಭಾಗದ ಗುರುತು. ಸೆಟೆದ ಕೈಯ ಎದುರು ಬದಿಯ ಮಿದುಳಲ್ಲಿ ಸಾಮಾನ್ಯವಾಗಿ ಫಿಟ್ಸಿನ ಮೂಲ ಇರುತ್ತದೆ, ಅಂದರೆ ಇಲ್ಲಿ ಬಲಕ್ಕೆ. ಮಾತಿನ ಕೇಂದ್ರ ಹೆಚ್ಚಿನವರಲ್ಲಿ ಎಡಕ್ಕೆ. ಇವರಿಗೆ ಮಾತು ಬೇಗ ಬಂತಲ್ವಾ, ಅದೂ ಬಲಕ್ಕೇ ಬೆರಳು ತೋರಿಸುತ್ತದೆ. ಇದು ಊಹೆ ಅಷ್ಟೇ, ಪಕ್ಕಾ ಮಾಡಿಕೊಳ್ಳಬೇಕು.

ಮುಂದೆ ನಿದ್ದೆಗೆಡಿಸಿ ಇಇಜಿ, ಫಿಟ್ಸಿಗೆಂದೇ ತೆಳು ಸ್ಲೈಸ್‌ಗಳಲ್ಲಿ ತೆಗೆದ ಎಂಆರ್‌ಐ. ಸಾದಾ ಎಂಆರ್‌ಐನಲ್ಲಿ ಹಿಪೊಕ್ಯಾಂಪಸ್ (ಟೆಂಪೊರಲ್ ಭಾಗದೊಳಗಿನ ನೆನಪಿನ ಜಾಗ) ಒಣಗಿ ಚಿಕ್ಕದಾಗಿದ್ದರೂ ಕಣ್ತಪ್ಪುತ್ತದೆ. ಮಿದುಳಲ್ಲಿ ಲಾಡಿಹುಳದ ಗಂಟು ನಮ್ಮ ಕಡೆ ಜಾಸ್ತಿ, ಅದನ್ನೂ ನೋಡುತ್ತಾರೆ. ಸರಿಯಾದ ಎರಡು ಔಷಧಿ ಕೊಟ್ಟರೂ ನಿಲ್ಲದಿದ್ದರೆ ವಿಡಿಯೋ ಇಇಜಿ, ಅಂದರೆ ವಿಡಿಯೋ ಮತ್ತು ಇಇಜಿ ಒಟ್ಟಿಗೆ ತೆಗೆಯುವುದು. ಅದಕ್ಕೆ ಕೆಲವು ದಿನ ಅಡ್ಮಿಟ್ ಆಗಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದೆ. ಮೂಲ ಒಂದೇ ಕಡೆ ಸಿಕ್ಕರೆ ಆಪರೇಷನ್ ವಿಚಾರ ಮಾಡಬಹುದು.

ಪ್ರಶ್ನೆ:
ಅಲ್ಲಿಯ ತನಕ ಏನು ಮಾಡೋಣ?

ಉತ್ತರ:
ಬಂದಾಗ ಮೊಬೈಲಿನಲ್ಲಿ ವಿಡಿಯೋ ಮಾಡಿ, ಮುಖ ಮತ್ತು ಎರಡೂ ಕೈ ಕಾಣಲಿ. ಚಪ್ಪಲಿ, ಉಳ್ಳಾಗಡ್ಡಿ ಮೂಸಿಸಬೇಡಿ, ಬಾಯಿಗೆ ನೀರೂ ಬೇಡ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಕರೆತನ್ನಿ. ಒಲೆ ಮುಂದೆ ಒಬ್ಬರೇ ಬೇಡ. ಸದ್ಯಕ್ಕೆ ರೊಟ್ಟಿ ನೀವೇ ಬಡಿಯಿರಿ!